ಭುಜ ಮುರಿದವನಿಗೆ ‘ಕಾಯಿಲೆ’ ಚೀಟಿಯೇ?

ಹೋದ ತಿಂಗಳು ನಮ್ಮೂರಿನ ಒಂದು ಗಿರಣಿಯಲ್ಲಿ ಚೀಲ ಹೊತ್ತಿದ್ದ ಕೂಲಿಕಾರನೊಬ್ಬ ಒದ್ದೆ ಹಲಗೆಯ ಮೇಲೆ ಜಾರಿಬಿದ್ದ. ಬಲಭುಜದ ಕೀಲು ತಪ್ಪಿತು. ಮೇಸ್ತ್ರಿ ಏನು ಮಾಡಿದ? ಇಬ್ಬರಿಂದ ಹಿಡಿಸಿ ಕೈ ಜಗ್ಗಿಸಿದ, ಎಣ್ಣೆ ತಿಕ್ಕಿಸಿದ. ಮರುದಿನ ಗುಮಾಸ್ತರು ಕಾಗದ ಬರೆದರು: ‘ಹಳೆಯ ವಾಯುನೋವು.’ ಅಪಘಾತದ ಪುಸ್ತಕದಲ್ಲಿ ಒಂದಕ್ಷರವಿಲ್ಲ. ಆತನ ಕೈ ಇಂದಿಗೂ ತಲೆಯ ಮಟ್ಟಕ್ಕೆ ಏಳದು.

ಈ ಸುಳ್ಳಿನ ಬೆಲೆಯೆಷ್ಟು? ಶಾಲೆಯಲ್ಲಿ ಲೆಕ್ಕ ಕಲಿಸಿದವರು ನಾವು. ಇಲ್ಲಿಯೂ ಹಾಕಿ ತೋರಿಸುತ್ತೇವೆ. ಇ.ಎಸ್.ಐ. ಇರುವವನಿಗೆ ‘ಕಾಯಿಲೆ’ ಎಂದರೆ ಕೂಲಿಯ ನೂರಕ್ಕೆ 70, ಅದೂ ವರ್ಷಕ್ಕೆ 91 ದಿನ. ‘ಕೆಲಸದಲ್ಲಾದ ಗಾಯ’ ಎಂದರೆ ನೂರಕ್ಕೆ 90, ಕೈ ಕೆಲಸಕ್ಕೆ ಬರುವವರೆಗೂ. ದಿನಗೂಲಿ 500 ರೂಪಾಯಿ, ಗುಣವಾಗಲು 180 ದಿನ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ 31,850 ರೂಪಾಯಿ, ಎರಡನೆಯದರಲ್ಲಿ 81,000. ಒಂದು ಪದಕ್ಕೆ 49,150 ರೂಪಾಯಿ ನಷ್ಟ! ಕೈ ಶಾಶ್ವತವಾಗಿ ಊನವಾದರೆ ಸಿಗಬೇಕಾದ ಪರಿಹಾರದ ಬಾಗಿಲೂ ಮುಚ್ಚಿತು. ಧಣಿಗಳಿಗೆ ಇದರಿಂದೇನು ಲಾಭ? ವರದಿ ಹೋದರೆ ಇನ್ಸ್‌ಪೆಕ್ಟರು ಬಂದಾರು, ಹಲಗೆ ಏಕೆ ಒದ್ದೆಯಾಗಿತ್ತೆಂದು ಕೇಳಿಯಾರು!

ಇನ್ನು ವಾಯುವಿನ ಮಾತು. ಭುಜದ ಕೀಲೆಂದರೆ ದೊಡ್ಡ ಚೆಂಡು, ಆಳವಿಲ್ಲದ ಬಟ್ಟಲು. ಚೆಂಡು ಜಾರದಂತೆ ಹಿಡಿದಿರುವುದು ನಾಲ್ಕು ಸ್ನಾಯುಗಳು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ಆಡುತ್ತದೆ, ಅದಕ್ಕೇ ಸುಲಭವಾಗಿ ತಪ್ಪುತ್ತದೆ. ಬೀಳದಿದ್ದರೂ, ವರ್ಷಗಟ್ಟಲೆ ಹೊರೆಯನ್ನು ತಲೆಯ ಮೇಲಕ್ಕೆ ಎತ್ತೆತ್ತಿ ಆ ಸ್ನಾಯುಗಳ ತುದಿ ಸವೆದು ಹರಿಯುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು, ಕೈ ಎತ್ತಲಾಗದು. ಹೊರೆ ಮಾಡಿದ್ದನ್ನು ವಾಯುವಿನ ತಲೆಗೆ ಕಟ್ಟುವುದು ಯಾವ ನ್ಯಾಯ?

ಬಂಧುಗಳೇ, ತಪ್ಪು ನಮ್ಮಲ್ಲೂ ಇದೆ. ಕೀಲು ತಪ್ಪಿದವನ ಕೈಯನ್ನು ಜಗ್ಗಕೂಡದು. ಕೀಲಿನ ಬಳಿ ಸುತ್ತಿ ಹೋಗುವ ನರವಿದೆ. ಅದು ಜಖಂ ಆದರೆ ತೋಳಿನ ಹೊರಮೈ ಜೋಮು ಹಿಡಿಯುತ್ತದೆ. ಮೂಳೆಯೂ ಬಿರಿದಿರಬಹುದು, ಎಕ್ಸ್‌ರೇ ನೋಡದೆ ಎಳೆದರೆ ಬಿರುಕು ಮುರಿತವಾದೀತು. ಕೈ ಇದ್ದ ಹಾಗೇ ಟವೆಲಿನಿಂದ ಎದೆಗೆ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಅದೇ ದಿನ ಆಸ್ಪತ್ರೆಗೆ ಸಾಗಿಸಿ. ತೋಳಿನ ಮೂಳೆ ಮುರಿದು ಮಣಿಕಟ್ಟು ಜೋತುಬಿದ್ದರೆ ನರಕ್ಕೆ ಪೆಟ್ಟಾಗಿದೆಯೆಂದು ತಿಳಿಯಿರಿ. ಬಿದಿರು ದಬ್ಬೆ ಬಿಗಿದು ಬೆರಳು ನೀಲಿಯಾದರೆ, ತಣ್ಣಗಾದರೆ, ಕಟ್ಟನ್ನು ಕೂಡಲೇ ಸಡಿಲಿಸಿ ಆಸ್ಪತ್ರೆಗೆ ಓಡಿ. ತಡವಾದರೆ ಕೈಯೇ ಹೋದೀತು. ಕೊರಳೆಲುಬಿನ ಮುರಿತ ಬಹುಮಟ್ಟಿಗೆ ಕೈಯನ್ನು ಕೊರಳಿಗೆ ತೂಗುಹಾಕಿದರೇ ಕೂಡಿಕೊಳ್ಳುತ್ತದೆ. ಡಾಕ್ಟರು ಹೇಳಿದ ದಿನದಿಂದ ಕೈ ಆಡಿಸಲೇಬೇಕು. ಇಲ್ಲವಾದರೆ ಕೀಲು ಬಿಗಿದು ನಿಲ್ಲುತ್ತದೆ.

ಅಂಗಡಿಯ ಗೆಳೆಯರೇ, ಇದು ಗಿರಣಿಯವರ ಗೋಳೆಂದು ಪುಟ ಮಗುಚಬೇಡಿ. ಶಟರ್ ಎತ್ತುವ, ಮೂಟೆ ಇಳಿಸುವ ಭುಜ ನಿಮ್ಮದೇ, ನಿಮಗೆ ಇ.ಎಸ್.ಐ. ಕೂಡ ಇಲ್ಲ. ನಿಮ್ಮ ಹಮಾಲನ ಬೆನ್ನಿಗೆ ಕ್ವಿಂಟಲ್ ಮೂಟೆ ಹೇರಿ ‘ಗಂಡಸು’ ಎಂದು ಹೊಗಳುವುದನ್ನು ನಿಲ್ಲಿಸಿ. ಗಂಡಾಳು ಹೊರುವ ಭಾರ 55 ಕಿಲೋ ಮೀರದಿರಲಿ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ನೆರೆಯ ಮಹಾರಾಷ್ಟ್ರ 1969ರಲ್ಲಿ ಹಮಾಲರಿಗೆಂದೇ ಮಾಥಾಡಿ ಕಾಯಿದೆ ತಂದಿತು. ಅದು ಬೇಡಿ ಪಡೆದ ಭಿಕ್ಷೆಯಲ್ಲ, ಸಂಘಟನೆಯ ಫಲ.

ನಾವು ಕೇಳುವುದು ಇಷ್ಟು: 55 ಕಿಲೋ ಮೀರಿದ ಮೂಟೆ ಬೇಡ, ಹಲಗೆ ಒಣಗಿರಲಿ, ಬಿದ್ದ ದಿನವೇ ಬಿದ್ದವನ ಎದುರಿನಲ್ಲೇ ಅಪಘಾತ ಬರೆಯಲಿ. ಗುಮಾಸ್ತರು ಬರೆಯದಿದ್ದರೆ ತಾರೀಖು, ವೇಳೆ, ಕಂಡವರ ಹೆಸರು ಹಾಕಿ ನೀವೇ ಅರ್ಜಿ ಕೊಟ್ಟು ನಕಲಿಗೆ ಸಹಿ ಪಡೆಯಿರಿ. ಬರೆಯಲು ಬಾರದವರು ಸಂಜೆ ನಮ್ಮ ಕಚೇರಿಗೆ ಬನ್ನಿ, ನಾವು ಬರೆದುಕೊಡುತ್ತೇವೆ.