ಒಡವೆಗೆ ಬೇಕಾದದ್ದು ಹೊಳಪೋ, ಚೀಟಿಯೋ?

ಬಂಟ್ವಾಳ ತಾಲೂಕಿನ ವಾಮದಪದವಿನ ಸುತ್ತಿನ ಊರುಗಳಲ್ಲಿ ನೇಮದ ದಿನ ಹತ್ತಿರ ಬಂದಿತೆಂದರೆ, ಭಂಡಾರದ ವಸ್ತುಗಳನ್ನು ಹೊರತೆಗೆದು ಬೆಳಗುವ ಕೆಲಸ ಮೊದಲಾಗುತ್ತದೆ. ಹುಣಸೆಹುಳಿ, ಬೂದಿ, ತೆಂಗಿನ ನಾರು, ಇಷ್ಟೇ ಸಾಧನ. ಒಳಗೆ ಸಣ್ಣ ಗುಂಡುಗಳನ್ನಿಟ್ಟ ಟೊಳ್ಳು ಬಳೆಯಂತಿರುವ ಗಗ್ಗರವನ್ನು ದೈವನರ್ತಕರು ಕಾಲಿಗೆ ಧರಿಸುವ ಹೊತ್ತಿಗೆ ಅದು ದೀಟಿಗೆಯ ಬೆಳಕಿನಲ್ಲಿ ಥಳಥಳಿಸಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆ ಗಗ್ಗರಕ್ಕೆ ಇನ್ನೂ ಕೆಲಸವುಂಟು. ಕೆಲಸವಿರುವ ವಸ್ತು ಸವೆಯುವುದು ಸಹಜ.

ಆದರೆ ಅಂಥದೇ ಗಗ್ಗರವೊಂದು, ಅಥವಾ ಮನೆತನದ ಬೆಳ್ಳಿಯ ನೇವಳವೊಂದು, ಕೆಲಸ ಮುಗಿಸಿ ವಸ್ತುಸಂಗ್ರಹಾಲಯವನ್ನು ಸೇರಿದ ಮೇಲೆ? ಹುಣಸೆಹುಳಿ ಆ ಕಟ್ಟಡದ ಬಾಗಿಲಲ್ಲೇ ನಿಲ್ಲಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನೋಡುವವರಿಗೆ ಹೊಳಪಿಲ್ಲದ ಒಡವೆ ರುಚಿಸುವುದಿಲ್ಲವೆಂದು ವಾದಿಸುವವರುಂಟು. ರುಚಿಸದಿದ್ದರೆ ಬೇಡ. ಹೊಳೆಯುವ ಒಡವೆಗಳನ್ನು ನೋಡಲು ಪೇಟೆಯ ತುಂಬ ಅಂಗಡಿಗಳಿವೆ.

ಈ ಹಟಕ್ಕೆ ಕಾರಣವನ್ನು ಹೇಳಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಅಜ್ಜಿಯ ನೇವಳವನ್ನು ಬೂದಿ ಹಚ್ಚಿ ಉತ್ಸಾಹದಿಂದ ತಿಕ್ಕಿದ್ದೆ. ಕೊಂಡಿಯ ಹಿಂಬದಿಯಲ್ಲಿ ಅಕ್ಕಸಾಲಿಗನು ಗೀರಿದ್ದ ಮೂರು ಅಕ್ಷರಗಳಿದ್ದುವು. ಈಗ ಒಂದೂವರೆ ಅಕ್ಷರ ಉಳಿದಿದೆ. ಅದು ಯಾರ ಹೆಸರೆಂದು ಅಜ್ಜಿಗೆ ತಿಳಿದಿತ್ತು, ನಾನು ಕೇಳಲಿಲ್ಲ.

ಬೆಳ್ಳಿಯ ಮೇಲಿನ ಕಪ್ಪನ್ನು ನಾವು ಕೊಳೆಯೆಂದು ತಿಳಿಯುತ್ತೇವೆ. ಅದು ಕೊಳೆಯಲ್ಲ, ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಆದ ಬೆಳ್ಳಿಯೇ. ತಿಕ್ಕಿದಾಗ ಹೋಗುವುದು ಒಡವೆಯ ಅಂಶವೇ. ಹಿತ್ತಾಳೆಯ ಕಥೆ ಇನ್ನೊಂದು ಬಗೆಯದು: ಹುಣಸೆಯ ಟಾರ್ಟಾರಿಕ್ ಆಮ್ಲ ಮೇಲಿನ ಕಿಲುಬನ್ನು ಕರಗಿಸುವುದರ ಜೊತೆಗೆ, ಕಾಲಕ್ರಮದಲ್ಲಿ ಸತುವನ್ನೂ ಸೆಳೆದು ಮೈಯನ್ನು ಕೆಂಪಗಾಗಿಸಬಲ್ಲದು. ಸಂದುಗಳಲ್ಲಿ ಸಿಕ್ಕಿಕೊಂಡ ಎಣ್ಣೆ, ಗಂಧ, ಅರಸಿನ, ನೂಲಿನ ಎಳೆ ಇವೆಲ್ಲ ಆ ವಸ್ತುವನ್ನು ಯಾರು, ಹೇಗೆ ಬಳಸಿದರೆಂಬುದಕ್ಕೆ ಸಾಕ್ಷಿಗಳು. ಸಾಕ್ಷಿಯನ್ನು ತೊಳೆದುಬಿಟ್ಟ ಮೇಲೆ ವಿಚಾರಣೆ ನಡೆಸುವುದೆಂತು?

ಹಾಗಾದರೆ ಒಡವೆಯನ್ನು ಸುಮ್ಮನೆ ಬಿಟ್ಟುಬಿಡುವುದೋ? ಖಂಡಿತ ಅಲ್ಲ. ಕಾಪಾಡುವ ಕೆಲಸವೆಲ್ಲ ಅದರ ಸುತ್ತಿನ ಗಾಳಿಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಕಂಚಿನ ವಸ್ತುವಿನಲ್ಲಿ ಉಪ್ಪಿನ ಅಂಶ ಹೊಕ್ಕಿದ್ದರೆ, ತೇವ ಏರಿದಾಗ ತಿಳಿಹಸುರು ಹುಡಿ ಏಳುತ್ತದೆ. ಇದನ್ನು ಕಂಚಿನ ರೋಗವೆನ್ನುತ್ತಾರೆ. ಪೆಟ್ಟಿಗೆಯೊಳಗಿನ ಆರ್ದ್ರತೆ ಶೇಕಡ 40ರ ಕೆಳಗಿದ್ದರೆ ಅದು ಮುಂದುವರಿಯದು. ಗಾಳಿಯಾಡದ ಡಬ್ಬಿ, ಅದರಲ್ಲಿ ಕಾಲಕಾಲಕ್ಕೆ ಕಾಯಿಸಿ ಒಣಗಿಸಿದ ಸಿಲಿಕಾ ಜೆಲ್. ಇದಕ್ಕೆ ಲಕ್ಷಗಟ್ಟಲೆ ಅನುದಾನ ಬೇಕಿಲ್ಲ. ಬೆರಳಿನ ಬೆವರಿನಲ್ಲಿ ಉಪ್ಪೂ ಆಮ್ಲವೂ ಇರುವುದರಿಂದ ಕೈಚೀಲ ತೊಟ್ಟು ಮುಟ್ಟಬೇಕು.

ಅಷ್ಟೇ ಅಲ್ಲ, ನಾವು ಮಿತ್ರರೆಂದು ನಂಬಿದ ಶತ್ರುಗಳೂ ಇದ್ದಾರೆ. ಬೆಳ್ತಂಗಡಿಯ ಕಡೆ ರಬ್ಬರು ತೋಟಗಳು ಧಾರಾಳವಾಗಿವೆಯಷ್ಟೆ. ಹಾಲಿನಿಂದ ಆದ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿ ಬಾಳುವ ರಬ್ಬರಾಗುತ್ತದೆ. ಅಂಥ ರಬ್ಬರಿನ ಪಟ್ಟಿಯಿಂದ ಬೆಳ್ಳಿ ಬಳೆಗಳನ್ನು ಕಟ್ಟಿಟ್ಟರೆ, ಕಟ್ಟಿದಲ್ಲಿ ಕಪ್ಪು ಗೆರೆ ಮೂಡುತ್ತದೆ. ಉಣ್ಣೆಯ ಬಟ್ಟೆಯದೂ ಇದೇ ಗುಣ. ಮರದ ಪೆಟ್ಟಿಗೆಗಳು ಅಸೆಟಿಕ್ ಆಮ್ಲದ ಆವಿಯನ್ನು ಹೊರಬಿಡುತ್ತವೆ. ಮುತ್ತು, ಹವಳ, ಚಿಪ್ಪುಗಳಿಗೆ ಅದು ಆಗದು. ಬ್ರಿಟಿಷ್ ಮ್ಯೂಸಿಯಮಿನ ಆಡ್ಡಿ ಎಂಬವರು 1973ರಲ್ಲಿ ಇದಕ್ಕೊಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಬೆಳ್ಳಿ, ತಾಮ್ರ, ಸೀಸಗಳ ಚೂರುಗಳನ್ನು, ಸಂದೇಹವುಳ್ಳ ಬಟ್ಟೆ ಅಥವಾ ಹಲಗೆಯ ತುಂಡಿನೊಡನೆ, ತುಸು ನೀರಿಟ್ಟು ಗಾಜಿನ ನಳಿಗೆಯಲ್ಲಿ ಮುಚ್ಚಿ, 60 ಡಿಗ್ರಿ ಸೆಂಟಿಗ್ರೇಡಿನಲ್ಲಿ 28 ದಿನ ಇಡುವುದು. ಚೂರು ಕಪ್ಪಿಟ್ಟರೆ ಆ ವಸ್ತುವನ್ನು ಒಡವೆಯ ಬಳಿಗೆ ತರಕೂಡದು.

ಇನ್ನು ಸಂಶೋಧನೆ. ಒಡವೆ ಯಾವ ಲೋಹದ್ದೆಂದು ತಿಳಿಯಲು ಒರೆಗಲ್ಲಿಗೆ ತಿಕ್ಕುವುದು ವಾಡಿಕೆ; ಅದೂ ಒಂದಿಷ್ಟು ಸವೆಸುತ್ತದೆ. ಆರ್ಕಿಮಿಡೀಸನ ತತ್ತ್ವ ನಿಮಗೆ ಗೊತ್ತಿದೆ: ಬೆಳ್ಳಿಯ ವಿಶಿಷ್ಟ ಗುರುತ್ವ 10.5. ಆದ್ದರಿಂದ 105 ಗ್ರಾಂ ತೂಕದ ಅಪ್ಪಟ ಬೆಳ್ಳಿ ನೀರಿನಲ್ಲಿ 10 ಗ್ರಾಂ ಕಡಿಮೆ ತೂಗಬೇಕು. 11 ಗ್ರಾಂ ಕಡಿಮೆಯಾದರೆ ತಾಮ್ರ ಬೆರೆತಿದೆಯೆಂದು ಊಹಿಸಬಹುದು. ಆದರೆ ಟೊಳ್ಳು ಒಡವೆಗಳೊಳಗೆ ಅರಗು ತುಂಬುವ ಪದ್ಧತಿ ನಮ್ಮಲ್ಲಿರುವುದರಿಂದ ಲೆಕ್ಕ ತಪ್ಪುತ್ತದೆ, ಒಡವೆಯೂ ಕೆಡುತ್ತದೆ. ಕ್ಷ-ಕಿರಣ ಹಾಯಿಸಿ, ಮರಳಿ ಬರುವ ಕಿರಣಗಳಿಂದ ಲೋಹಗಳನ್ನು ಗುರುತಿಸುವ ಯಂತ್ರವುಂಟು. ಅದು ಒಡವೆಯನ್ನು ನೋಯಿಸದು, ಆದರೆ ಮೇಲ್ಮೈಯ ಸುದ್ದಿಯನ್ನಷ್ಟೇ ಹೇಳುತ್ತದೆ. ಬಂಗಾರದ ನೀರು ಕುಡಿಸಿದ ತಾಮ್ರ ಅದನ್ನೂ ವಂಚಿಸಬಲ್ಲದು. ಬರಿಗಣ್ಣಿನ ಸಂಶೋಧನೆಯೂ ಕಡಮೆಯದಲ್ಲ. ಪವನುಗಳನ್ನು ಪೋಣಿಸಿದ ಸರವೊಂದರಲ್ಲಿ 1911ರ ನಾಣ್ಯವೊಂದಿದ್ದರೆ, ಈಗಿರುವ ರೂಪದಲ್ಲಿ ಆ ಸರ 1911ಕ್ಕಿಂತ ಹಳೆಯದಾಗಿರಲಾರದು. ಮನೆಯವರು ಎಷ್ಟೇ ತಲೆಮಾರುಗಳ ಮಾತು ಹೇಳಲಿ.

ಇಷ್ಟಾದರೂ ಯಾವ ಯಂತ್ರವೂ ಹೇಳಲಾರದ ಸಂಗತಿಗಳೇ ಹೆಚ್ಚು. ಈ ಬೆಂಡೋಲೆಯನ್ನು ಯಾರ ಮನೆಯ ಹೆಂಗಸರು ಇಟ್ಟುಕೊಳ್ಳುತ್ತಿದ್ದರು? ಗಂಡ ಸತ್ತರೆ ತೆಗೆಯುತ್ತಿದ್ದರೋ? ಈ ಚಕ್ರಸರ ತವರಿನದೋ, ಗಂಡನ ಮನೆಯದೋ? ಅಡವಿಟ್ಟು ಬಿಡಿಸಿದ್ದು ಎಷ್ಟು ಬಾರಿ? ಬಂಟ್ವಾಳದಲ್ಲಿ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವುಂಟು. ಧರ್ಮಸ್ಥಳದಲ್ಲಿ ಮಂಜೂಷಾ ಉಂಟು. ವಸ್ತುಗಳಿಗೆ ನೆಲೆ ಇದೆ. ಆದರೆ ಒಡವೆಯೊಡನೆ ಅದರ ಮಾತು ಬರದೆ ಹೋದರೆ, ಅಲ್ಲಿಗೆ ಸೇರುವುದು ಲೋಹ ಮಾತ್ರ. ಬಂಗಾರದ ಬೆಲೆ ಏರಿದಂತೆಲ್ಲ ಹಳೆಯ ಒಡವೆಗಳು ಕುಲುಮೆ ಸೇರುತ್ತಿವೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮಗಳ ಮದುವೆಗೆಂದು ಕರಗಿಸುವ ತಾಯಿಯನ್ನು ಆಕ್ಷೇಪಿಸುವ ಧೈರ್ಯ ನನಗಂತೂ ಇಲ್ಲ. ಕರಗುವ ಮೊದಲು ಒಂದು ಚೀಟಿ ಬರೆದಿಡುವುದು ಮಾತ್ರ ಸಾಧ್ಯ.

ಅದನ್ನು ಮಾಡಬೇಕಾದವರು ನೀವು. ಮುಂದಿನ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಒಂದೊಂದೇ ಒಡವೆಯ ಹೆಸರನ್ನು ತುಳುವಿನಲ್ಲಿ ಹೇಗೋ ಹಾಗೆಯೇ ಬರೆದುಕೊಳ್ಳಿ. ಯಾರದ್ದು, ಯಾವಾಗ ಧರಿಸಿದ್ದು, ಮಾಡಿದವರು ಯಾವ ಊರಿನವರು ಎಂದು ಕೇಳಿ. ಎರಡೂ ಬದಿಯ ಛಾಯಾಚಿತ್ರ ತೆಗೆಯಿರಿ. ಪಕ್ಕದಲ್ಲೊಂದು ಅಳತೆಪಟ್ಟಿ ಇರಲಿ. ತಕ್ಕಡಿ ಇಲ್ಲದಿದ್ದರೆ ಪೇಟೆಯ ಅಕ್ಕಸಾಲಿಗರಲ್ಲಿ ತೂಗಿಸಬಹುದು. ಆದರೆ ತೂಗಿಕೊಡಿ ಎಂದಷ್ಟೇ ಹೇಳಿ ಅಲ್ಲೇ ನಿಂತಿರಿ. ಅವರ ಪಕ್ಕದಲ್ಲಿ ಆಮ್ಲದ ಪಾತ್ರೆ ಸದಾ ಸಿದ್ಧವಾಗಿರುತ್ತದೆ, ಮತ್ತು ಒಳ್ಳೆಯ ಮನಸ್ಸಿನಿಂದಲೇ ಅವರು ಅದನ್ನು ತೊಳೆದುಕೊಟ್ಟಾರು.