ಚಳಿಗೆ ಕೆಂಡ ಬೇಡ, ಕೌದಿ ಸಾಕು

ಶೀಗಿ ಹುಣ್ಣಿಮೆ ಬಂತೆಂದರೆ ಮುನವಳ್ಳಿಯ ಗಾಳಿಯೇ ಬದಲಾಗುತ್ತದೆ. ಮಧ್ಯಾಹ್ನದ ಬಿಸಿಲು ಚುರುಕೆನಿಸಿದರೂ ಬೆಳಗಿನ ಜಾವ ಮಲಪ್ರಭೆಯ ಕಡೆಯಿಂದ ತಂಪು ಸುಳಿಯುತ್ತದೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದು, ಚರಗ ಚೆಲ್ಲಿ, ಸಜ್ಜೆರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಉಣ್ಣುವ ಸುಖ ಯಾವ ಟಾನಿಕ್ಕಿಗೂ ಕಡಿಮೆಯಲ್ಲ. ಈ ಸುಖವನ್ನು ಧಾರಾಳವಾಗಿ ಅನುಭವಿಸಿ.

ನನ್ನ ತಕರಾರು ಇರುವುದು ಚಳಿಗಾಲದ ಇನ್ನೊಂದು ಸುಖದ ಬಗ್ಗೆ. ಬಾಣಂತಿಗೆ ಥಂಡಿ ತಾಗಬಾರದೆಂದು ಬಾಗಿಲು, ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಕೆಂಡವಿಡುವ ರೂಢಿ ಹಲವು ಮನೆಗಳಲ್ಲಿದೆ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎಚ್ಚರವಾಗದ ನಿದ್ದೆ. ರಕ್ತ ಕಡಿಮೆಯಿರುವ ತಾಯಿಗೂ ಎಳೆಗೂಸಿಗೂ ಅಪಾಯ ಇನ್ನೂ ಹೆಚ್ಚು.

‘ನಮ್ಮ ಕಾಲದಲ್ಲಿ ಏನೂ ಆಗಲಿಲ್ಲ’ ಎನ್ನುವ ಅಜ್ಜಿಯರ ಕಾಳಜಿ ಸುಳ್ಳಲ್ಲ. ಆದರೆ ಅಂದಿನ ಮಾಳಿಗೆ ಮನೆಗೆ ಬೆಳಕಿಂಡಿ ಇರುತ್ತಿತ್ತು. ಇಂದಿನ ಸಿಮೆಂಟಿನ ಕೋಣೆಯಲ್ಲಿ ಕಿಟಕಿ ಮುಚ್ಚಿದರೆ ಗಾಳಿಗೆ ದಾರಿಯೇ ಇಲ್ಲ.

ಬೆಚ್ಚಗಿರಲು ಬೇರೆ ದಾರಿಗಳಿವೆ. ಕೂಸಿನ ತಲೆಗೆ ಕುಲಾವಿ ಕಟ್ಟಿ, ಮೈಗೆ ಮೈ ತಾಗುವಂತೆ ತಾಯಿಯ ಎದೆಗೆ ಒರಗಿಸಿ. ತಾಯಿಗೆ ಕೌದಿ ಹೊದಿಸಿ. ಬಿಸಿ ಊಟ ಕೊಡಿ. ಸಂಶಯ ಬಂದರೆ ತಡಮಾಡದೆ ಇಬ್ಬರನ್ನೂ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ಚಳಿಯ ಸುಖ ಮನೆಮಂದಿಗೆಲ್ಲ ಸಿಗಲಿ, ತೊಟ್ಟಿಲ ಕೂಸಿಗೂ.