ಡಿಸ್ಕ್ ತುಂಬಿತೆಂದು ಅಳಿಸುವ ಮುನ್ನ

ಕಳೆದ ಅಡಿಕೆ ಹಂಗಾಮಿನ ಒಂದು ಬೆಳಿಗ್ಗೆ ನಮ್ಮ ಕಛೇರಿಯ ಕಂಪ್ಯೂಟರ್ ಬಿಲ್ಲು ಬರೆಯುವುದನ್ನು ನಿಲ್ಲಿಸಿಬಿಟ್ಟಿತು. ಹೊರಗೆ ಮೂಟೆಗಳ ಸಾಲು, ಒಳಗೆ ಪರದೆಯ ಮೇಲೆ ‘ಡಿಸ್ಕ್‌ನಲ್ಲಿ ಜಾಗವಿಲ್ಲ’ ಎಂಬ ಒಂದೇ ಮಾತು. ಅಂದಿನ ತೂಕದ ಚೀಟಿಗಳನ್ನೆಲ್ಲ ಕೈಯಲ್ಲೇ ಬರೆಯಬೇಕಾಯಿತು. ಬಂದ ಸದಸ್ಯರು ತಾಳ್ಮೆಯಿಂದ ಸಹಕರಿಸಿದರು, ಅವರಿಗೆ ನಾವು ಋಣಿ.

ಮಧ್ಯಾಹ್ನ ರಿಪೇರಿಗೆ ಬಂದವರು ಐದು ನಿಮಿಷ ನೋಡಿ, “ಇದನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು, ಹಳೆಯದರಲ್ಲಿ ಸಿಕ್ಕಿದ್ದನ್ನು ಉಳಿಸಿಕೊಡೋಣ” ಎಂದರು. ‘ಸಿಕ್ಕಿದ್ದನ್ನು’ ಎಂಬ ಮಾತು ಕೇಳಿ ನಮ್ಮ ಎದೆ ಝಲ್ಲೆಂದಿತು. ಆ ಡಿಸ್ಕ್‌ನಲ್ಲಿ ಇದ್ದದ್ದು ಸದಸ್ಯರ ಷೇರಿನ ಖಾತೆ, ಸಾಲದ ಖಾತೆ, ಹಲವು ವರ್ಷಗಳ ತೂಕದ ಲೆಕ್ಕ. ಅದರಲ್ಲಿ ಯಾವುದನ್ನು ‘ಸಿಗಲಿಲ್ಲ’ ಎಂದು ನಾವು ಯಾವ ಸದಸ್ಯರ ಮುಂದೆ ಹೇಳಬಹುದಿತ್ತು?

ಹೊಸ ಡಿಸ್ಕ್ ಕೊಳ್ಳುವ ಮಾತೂ ಬಂತು. ಅಷ್ಟರಲ್ಲಿ ರಜೆಗೆ ಊರಿಗೆ ಬಂದಿದ್ದ, ಕಂಪ್ಯೂಟರ್ ಕೆಲಸದಲ್ಲಿರುವ, ನಮ್ಮ ಸದಸ್ಯರೊಬ್ಬರ ಮಗಳು ಕಛೇರಿಗೆ ಬಂದಳು. “ಮಾವ, ಅಳಿಸೋದು ಯಾವಾಗ ಬೇಕಾದ್ರೂ ಆಗುತ್ತೆ. ಮೊದಲು ಅದು ಹೇಗೆ ಹೊಂದಿಸಿದೆ ಅಂತ ನೋಡೋಣ” ಎಂದಳು. ಈ ಲೇಖನ ಆ ಒಂದು ಮಾತಿನ ವಿಸ್ತರಣೆಯೆಂದು ಓದುಗರು ತಿಳಿಯಬೇಕು.

ಪರದೆಯ ಮೇಲೆ ಬಂದ ಲೆಕ್ಕ ಸರಿಸುಮಾರು ಹೀಗಿತ್ತು: ಒಟ್ಟು 500 ಜಿಬಿ, ಬಳಸಿದ್ದು 475, ಉಳಿದದ್ದು ಸೊನ್ನೆ. ಇಂಥ ಲೆಕ್ಕವನ್ನು ನಮ್ಮ ಗುಮಾಸ್ತರು ಬರೆದು ತಂದಿದ್ದರೆ ಲೆಕ್ಕ ಪರಿಶೋಧಕರು ಅಲ್ಲೇ ಕೆಂಪು ಶಾಯಿ ಹಾಕುತ್ತಿದ್ದರು. ಆ 25 ಜಿಬಿ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಯಂತ್ರದಲ್ಲಿರುವುದು ಲಿನಕ್ಸ್. ಅದರಲ್ಲಿ ಕಡತಗಳನ್ನು ಇಡುವ ವ್ಯವಸ್ಥೆಗೆ ಎಕ್ಸ್ಟ್4 ಎಂದು ಹೆಸರು. 1993ರ ಎಕ್ಸ್ಟ್2, 2001ರಲ್ಲಿ ಲಿನಕ್ಸ್‌ನ ಮೂಲಕ್ಕೆ ಸೇರಿದ ಎಕ್ಸ್ಟ್3 ಇವುಗಳ ಮುಂದಿನ ಪೀಳಿಗೆ ಇದು. 2008ರ ಕೊನೆಯಲ್ಲಿ ಬಳಕೆಗೆ ಸಿದ್ಧವಾಯಿತು. ಡಿಸ್ಕ್ ಅನ್ನು ಮೊದಲು ಸಿದ್ಧಪಡಿಸುವಾಗ ಯಾರೂ ಬೇರೆ ಹೇಳದಿದ್ದರೆ ಈ ವ್ಯವಸ್ಥೆ ನೂರಕ್ಕೆ 5ರಷ್ಟು ಜಾಗವನ್ನು ತಾನೇ ಮೀಸಲಿಡುತ್ತದೆ. ಅದನ್ನು ಯಂತ್ರದ ಮೇಲಧಿಕಾರವುಳ್ಳವರು ಮಾತ್ರ ಬಳಸಬಹುದು, ಬಿಲ್ಲು ಬರೆಯುವ ಸಾಮಾನ್ಯ ಬಳಕೆದಾರರಿಗೆ ಅದು ಇಲ್ಲವೆಂದೇ ಲೆಕ್ಕ.

ಈ ಮೀಸಲು ಮೋಸವಲ್ಲ. ನಾವು ಲಾಭದ ಒಂದು ಪಾಲನ್ನು ಕಾಯ್ದೆಯಂತೆ ಮೀಸಲು ನಿಧಿಗೆ ಹಾಕುವುದಿಲ್ಲವೆ? ಡಿಸ್ಕ್ ಕಂಠಮಟ್ಟ ತುಂಬಿದಾಗಲೂ ಯಂತ್ರದ ಸ್ವಂತ ಕೆಲಸಗಳು ನಿಲ್ಲಬಾರದು, ಕಡತಗಳು ಚೂರುಚೂರಾಗಿ ಅಲ್ಲಲ್ಲಿ ಹಂಚಿಹೋಗಬಾರದು ಎಂಬುದೇ ಇದರ ಉದ್ದೇಶ. ಆದರೆ ಡಿಸ್ಕ್‌ಗಳು ಚಿಕ್ಕದಾಗಿದ್ದ ಕಾಲದಲ್ಲಿ ನೂರಕ್ಕೆ 5 ಎಂದರೆ ಹಿಡಿಯಷ್ಟು, ಇಂದು ಕಣಜದಷ್ಟು. ಬರೀ ಲೆಕ್ಕಪತ್ರ ಇಡುವ ಭಾಗದಲ್ಲಿ ಅಷ್ಟು ಬೇಕಿಲ್ಲ.

ಅದನ್ನು ಬದಲಿಸಲು ಟ್ಯೂನ್2ಎಫ್‌ಎಸ್ ಎಂಬ ಸಾಧನ ಲಿನಕ್ಸ್‌ನ ಜೊತೆಗೇ ಬರುತ್ತದೆ, ಬೇರೆ ದುಡ್ಡು ಕೊಡಬೇಕಾಗಿಲ್ಲ. ಈಗಾಗಲೇ ಇರುವ ಕಡತ ವ್ಯವಸ್ಥೆಯನ್ನು ಅಳಿಸದೆ ಅದರ ಹೊಂದಾಣಿಕೆಯನ್ನಷ್ಟೇ ತಿದ್ದುವುದು ಇದರ ಕೆಲಸ. ಕಲ್ಪನೆ ಹೊಸದೇನಲ್ಲ, 1983ರಲ್ಲಿ ಬಂದ ಬರ್ಕ್ಲಿಯ ಯುನಿಕ್ಸ್‌ನಲ್ಲಿಯೇ ಟ್ಯೂನ್‌ಎಫ್‌ಎಸ್ ಎಂಬ ಇಂಥದೇ ಸಾಧನವಿತ್ತು. ಹುಡುಗಿ ಮೊದಲು ಖಾತೆಗಳ ನಕಲನ್ನು ಬೇರೆ ಡಿಸ್ಕ್‌ಗೆ ತೆಗೆದಳು. ನಂತರ ಆ ಶೇಕಡಾ 5ನ್ನು 1 ಮಾಡಿದಳು. ಯಂತ್ರವನ್ನು ನಿಲ್ಲಿಸಲೂ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸುಮಾರು 20 ಜಿಬಿ ಜಾಗ ಕೈಗೆ ಬಂತು, ಬಿಲ್ಲು ಮತ್ತೆ ಓಡಿತು.

ಇಷ್ಟಕ್ಕೇ ಲೇಖನ ಮುಗಿದಿದ್ದರೆ ಇದು ಬರೀ ಜಾಣತನದ ಕಥೆಯಾಗುತ್ತಿತ್ತು. ನಾವು ಹೇಳಹೊರಟಿರುವುದು ಬೇರೆ.

ತೋಟದಲ್ಲಿ ನೀರು ನಿಂತರೆ ನಾವು ಅಡಿಕೆ ಮರ ಕಡಿಯುವುದಿಲ್ಲ, ಬಸಿಗಾಲುವೆಯ ಹೂಳು ತೆಗೆಯುತ್ತೇವೆ. ಕಾಫಿಗೆ ನೆರಳು ಹೆಚ್ಚಾದರೆ ಗಿಡ ಕೀಳುವುದಿಲ್ಲ, ಮರಗಸಿ ಮಾಡಿಸುತ್ತೇವೆ. ಆದರೆ 9 ಅಡಿ ಅಂತರದಲ್ಲಿ ನೆಟ್ಟ ಅಡಿಕೆಯನ್ನು ಮುಂದೆ 7 ಅಡಿಗೋ 11 ಅಡಿಗೋ ಸರಿಸಲಾಗದು. ಅದು ಗುಂಡಿ ತೆಗೆದ ದಿನವೇ ತೀರ್ಮಾನವಾದದ್ದು. ಯಾವುದು ಬಸಿಗಾಲುವೆ, ಯಾವುದು ಗುಂಡಿಯ ಅಂತರ ಎಂದು ಬಲ್ಲವನೇ ಬೆಳೆಗಾರ.

ಕಡತ ವ್ಯವಸ್ಥೆಯಲ್ಲೂ ಹಾಗೆಯೇ. ಮೀಸಲಿನ ಪ್ರಮಾಣ, ಡಿಸ್ಕ್‌ನ ಹೆಸರು, ತಪಾಸಣೆಯ ಅವಧಿ, ತಪ್ಪು ಕಂಡಾಗ ಏನು ಮಾಡಬೇಕೆಂಬ ನಿಯಮ ಇವನ್ನೆಲ್ಲ ಯಾವಾಗಲೂ ತಿದ್ದಬಹುದು. ಹಳೆಯ ಎಕ್ಸ್ಟ್2ಕ್ಕೆ ಜರ್ನಲ್ ಸೇರಿಸಿ ಎಕ್ಸ್ಟ್3 ಮಾಡಬಹುದು, ಒಳಗಿನ ಕಡತ ಒಂದೂ ಅಳಿಯುವುದಿಲ್ಲ. ಎಕ್ಸ್ಟ್3ನ್ನು ಎಕ್ಸ್ಟ್4ರ ಕಡೆಗೆ ಒಯ್ಯಬಹುದು. ಆದರೆ ಆಗ ಹೊಸ ಕಡತಗಳು ಮಾತ್ರ ಹೊಸ ಕ್ರಮದಲ್ಲಿ ಕೂರುತ್ತವೆ, ಹಳೆಯವು ಹಳೆಯ ಕ್ರಮದಲ್ಲೇ ಉಳಿಯುತ್ತವೆ. ಹಿಂದಿರುಗುವ ದಾರಿಯೂ ಸುಲಭವಲ್ಲ. ಇನ್ನು ಬ್ಲಾಕಿನ ಅಳತೆ, ಇಂತಿಷ್ಟು ಜಾಗಕ್ಕೆ ಇಂತಿಷ್ಟು ಕಡತ ಎಂಬ ಪ್ರಮಾಣ, ಇವು ಗುಂಡಿಯ ಅಂತರವಿದ್ದಂತೆ. ಅವನ್ನು ಮೊದಲ ದಿನವೇ ಯೋಚಿಸಿ ಗೊತ್ತುಮಾಡಬೇಕು.

ಜರ್ನಲ್ ಎಂದರೇನೆಂದು ನಮ್ಮ ಸದಸ್ಯರಿಗೆ ವಿವರಿಸುವುದು ಕಷ್ಟವಲ್ಲ. ಅದು ಕಿರ್ದಿ ಪುಸ್ತಕ. ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ನಂತರ ಖಾತೆಗೆ ಎತ್ತುವಂತೆ, ಯಂತ್ರವೂ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದು ನಂತರ ಸ್ವಸ್ಥಾನದಲ್ಲಿ ಇಡುತ್ತದೆ. ನಡುವೆ ಕರೆಂಟು ಹೋದರೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಹೋಗದ ದಿನವುಂಟೆ, ಕಿರ್ದಿ ನೋಡಿ ಖಾತೆ ಸರಿಪಡಿಸಿಕೊಳ್ಳುತ್ತದೆ. ಆದರೆ ಸಾಮಾನ್ಯ ಹೊಂದಾಣಿಕೆಯಲ್ಲಿ ಈ ಕಿರ್ದಿಗೆ ಬರುವುದು ಕಡತದ ಹೆಸರು, ಗಾತ್ರ, ಇರುವ ಸ್ಥಳ ಇವುಗಳ ವಿವರ ಮಾತ್ರ, ಒಳಗಿನ ಬರಹವಲ್ಲ. ಆದ್ದರಿಂದ ಜರ್ನಲ್ ಇದೆಯೆಂದು ಯು.ಪಿ.ಎಸ್. ಬೇಡ, ನಕಲು ಬೇಡ ಎನ್ನುವುದು ಅವಿವೇಕ.

ಈಗ ನಮ್ಮ ಆಡಳಿತ ಮಂಡಳಿಯಲ್ಲಿ ಭಿನ್ನಾಭಿಪ್ರಾಯ ಬಂದ ಎರಡು ವಿಷಯಗಳು.

ಒಂದು, ತಪಾಸಣೆ. ಹಿಂದೆ ಈ ಕಡತ ವ್ಯವಸ್ಥೆ ಇಂತಿಷ್ಟು ಸಲ ಚಾಲೂ ಆದ ಮೇಲೆ ಅಥವಾ ಇಂತಿಷ್ಟು ದಿನ ಕಳೆದ ಮೇಲೆ ತನ್ನನ್ನು ತಾನೇ ಪೂರ್ತಿ ತಪಾಸಿಸಿಕೊಳ್ಳುತ್ತಿತ್ತು. 2011ರಲ್ಲಿ ಬಂದ ಸಾಧನಗಳ 1.42ನೇ ಆವೃತ್ತಿಯಿಂದ ಈಚೆಗೆ, ಹೊಸದಾಗಿ ಸಿದ್ಧಪಡಿಸಿದ ಡಿಸ್ಕ್‌ಗಳಲ್ಲಿ ಅದು ತಾನಾಗಿ ನಡೆಯುವುದಿಲ್ಲ, ಬೇಕಾದವರು ಹೊಂದಿಸಿಕೊಳ್ಳಬೇಕು. ನಮ್ಮ ಡಿಸ್ಕ್‌ನಲ್ಲೂ ಅದು ಬಂದಾಗಿತ್ತು. ಯಂತ್ರ ತಾನೇ ನೋಡಿಕೊಳ್ಳುತ್ತದೆಂದು ನಾವೆಲ್ಲ ನಂಬಿ ನೆಮ್ಮದಿಯಾಗಿದ್ದೆವು! “ಅದು ಬಂದಾಗಿಯೇ ಇರಲಿ, ಖರೀದಿಯ ದಿನ ಬೆಳಿಗ್ಗೆ ತಪಾಸಣೆಗೆ ಕೂತರೆ ಸದಸ್ಯರು ಕಾಯಬೇಕಾಗುತ್ತದೆ” ಎಂದು ಕೆಲವು ನಿರ್ದೇಶಕರ ವಾದ. ವಾದದಲ್ಲಿ ಹುರುಳಿದೆ. ಆದರೆ ಕಿರ್ದಿ ಕಾಪಾಡುವುದು ಕರೆಂಟಿನ ತೊಂದರೆಯಿಂದ. ಹಾಳಾಗುತ್ತಿರುವ ಡಿಸ್ಕ್, ಸಡಿಲವಾದ ಕೇಬಲ್, ಕೆಟ್ಟ ಮೆಮೊರಿ ಇವುಗಳಿಂದ ಆಗುವ ಹಾನಿಯನ್ನು ಅದು ಹಿಡಿಯಲಾರದು. ಕೊಳೆರೋಗ ಕಣ್ಣಿಗೆ ಬಿದ್ದ ಮೇಲೆ ಬೋರ್ಡೋ ಹೊಡೆದವನ ಗೊನೆ ಉಳಿದದ್ದನ್ನು ನಾವು ಕಂಡಿಲ್ಲ. ಆರು ತಿಂಗಳ ಅವಧಿ ಗೊತ್ತುಮಾಡಿ, ಅದು ತೀರುವ ಮೊದಲೇ ಒಂದು ರಜಾದಿನ ನಾವಾಗಿ ತಪಾಸಣೆ ಮಾಡಿಸಿಬಿಟ್ಟರೆ ಖರೀದಿಯ ದಿನ ಯಾರೂ ಕಾಯಬೇಕಾಗಿಲ್ಲ. ತಪಾಸಣೆಯ ವೇಳೆ ಡಿಸ್ಕ್ ಬಳಕೆಯಲ್ಲಿ ಇರಬಾರದು ಎಂಬುದೊಂದು ಎಚ್ಚರ. ಬಳಕೆಯಲ್ಲಿರುವಾಗ ರಿಪೇರಿ ಮಾಡಹೊರಟರೆ ಇದ್ದದ್ದೂ ಕೆಡುತ್ತದೆ.

ಎರಡು, ತಪ್ಪು ಕಂಡಾಗಿನ ನಿಯಮ. ಕಡತ ವ್ಯವಸ್ಥೆಯಲ್ಲಿ ದೋಷ ಕಂಡರೆ ಯಂತ್ರ ಮುಂದುವರಿಯಬಹುದು, ಓದಲು ಮಾತ್ರ ಬಿಟ್ಟು ಬರೆಯುವುದನ್ನು ನಿಲ್ಲಿಸಬಹುದು, ಇಲ್ಲವೆ ಪೂರ್ತಿ ನಿಂತುಬಿಡಬಹುದು. ಸಿದ್ಧಪಡಿಸುವಾಗ ಏನೂ ಹೇಳದಿದ್ದರೆ ನಿಯಮ ‘ಮುಂದುವರಿ’ ಎಂದೇ ಇರುತ್ತದೆ. ಕೆಲಸ ನಿಲ್ಲಬಾರದೆಂದು ಅದೇ ಇರಲಿ ಎಂದವರಿದ್ದರು. ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಬರೆಯುವುದು ನಿಲ್ಲಬೇಕು. ತಕ್ಕಡಿ ಕೆಟ್ಟಿದೆಯೆಂದು ಗೊತ್ತಾದ ಮೇಲೂ ಸಾಲು ದೊಡ್ಡದಿದೆಯೆಂದು ತೂಗುತ್ತಾ ಹೋಗುತ್ತೇವೆಯೆ? ಒಂದು ದಿನದ ಕೈಬರಹದ ಚೀಟಿ ನಷ್ಟವಲ್ಲ. ತಪ್ಪು ಖಾತೆಯ ಮೇಲೆ ತಪ್ಪು ಬರೆಯುತ್ತ ಹೋದ ಒಂದು ತಿಂಗಳು ನಷ್ಟ.

ಇನ್ನು ನಮ್ಮದೇ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಿಕ್ಕ 20 ಜಿಬಿ ಉಸಿರಾಡಲು ಸಿಕ್ಕ ಬಿಡುವು, ಪರಿಹಾರವಲ್ಲ. ಡಿಸ್ಕ್ ತುಂಬಿದ್ದಕ್ಕೆ ಕಾರಣ ಹಳೆಯ ನಕಲುಗಳನ್ನೆಲ್ಲ ಅದೇ ಡಿಸ್ಕ್‌ನಲ್ಲಿ ಪೇರಿಸಿಟ್ಟದ್ದು. ಮನೆಗೆ ಬೆಂಕಿ ಬಿದ್ದರೆ ಬೇಕಾಗುತ್ತದೆಂದು ನೀರಿನ ಕೊಡವನ್ನು ಅಟ್ಟದ ಮೇಲೆ ಇಟ್ಟಂತೆ ಆಗಿತ್ತು. ಮೀಸಲನ್ನು ಇನ್ನೂ ಕೊರೆದು ಸೊನ್ನೆ ಮಾಡಬಾರದು, ಯಂತ್ರದ ಮೂಲ ತಂತ್ರಾಂಶವಿರುವ ಭಾಗದ ಶೇಕಡಾ 5ನ್ನು ಮುಟ್ಟಲೇಬಾರದು.

ಮುಂದಿನ ವಾರ್ಷಿಕ ಮಹಾಸಭೆಯ ಮುಂದೆ ನಾವು ಇಡಬೇಕೆಂದಿರುವ ಸಲಹೆಗಳು ಇಷ್ಟೆ. ಕಛೇರಿಯ ಕಂಪ್ಯೂಟರ್‌ನ ಮೇಲಧಿಕಾರದ ಗುಪ್ತಪದ ಹೊರಗಿನವರ ಬಳಿ ಮಾತ್ರ ಇರದೆ, ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲೂ ಇರಬೇಕು. ಯಾವ ಹೊಂದಾಣಿಕೆಯನ್ನು ತಿದ್ದುವ ಮೊದಲೂ ಬೇರೆ ಡಿಸ್ಕ್‌ಗೆ ನಕಲು ತೆಗೆದು, ಆ ನಕಲು ತೆರೆಯುತ್ತದೆಯೆಂದು ನೋಡಬೇಕು. ತಿದ್ದಿದ್ದು ಏನು, ಮೊದಲು ಎಷ್ಟಿತ್ತು, ಈಗ ಎಷ್ಟು, ತಿದ್ದಿದವರು ಯಾರು ಎಂದು ಒಂದು ರಿಜಿಸ್ಟರಿನಲ್ಲಿ ದಿನಾಂಕ ಸಹಿತ ಬರೆಯಬೇಕು. ಫಾರ್ಮ್ಯಾಟ್ ಎಂಬ ಮಾತು ಬಂದರೆ ಆಡಳಿತ ಮಂಡಳಿಯ ಠರಾವು ಇಲ್ಲದೆ ಯಾರೂ ಕೈ ಹಚ್ಚಬಾರದು.

ರಿಪೇರಿಗೆ ಬಂದವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರಿಗೆ ಅದು ಒಂದು ಡಿಸ್ಕ್, ಅಳಿಸಿ ಹಾಕುವುದು ಅವರಿಗೆ ಹತ್ತಿರದ ದಾರಿ. ನಮಗೆ ಅದು ಸಂಘದ ನೆನಪು. ಅಳಿಸುವ ಮುನ್ನ ಒಮ್ಮೆ ನೋಡಿ ಎಂದು ಹೇಳುವ ಜವಾಬ್ದಾರಿ ನಮ್ಮದೇ ಹೊರತು ಅವರದಲ್ಲ. ಸದಸ್ಯರು ಮಹಾಸಭೆಗೆ ತಪ್ಪದೆ ಬಂದು ಈ ವಿಷಯದಲ್ಲಿ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ